ವೆರೋನಾದ ಆ ಎರಡು ಸಾವುಗಳಿಗೆ ಹೊಣೆ ಯಾರು?

ಮುಂಗಾರು (ಪ್ರಶ್ನೆ):

ಷೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕವನ್ನು ಈಚೆಗೆ ಮತ್ತೊಮ್ಮೆ ಪೂರ್ತಿಯಾಗಿ ಓದಿದೆ. ಹಗೆ ಸಾಧಿಸುವ ಮಾಂಟೆಗ್ಯೂ ಮತ್ತು ಕ್ಯಾಪ್ಯುಲೆಟ್ ಮನೆಗಳ ಮಕ್ಕಳಾದ ರೋಮಿಯೋ, ಜೂಲಿಯೆಟ್ ಗುಟ್ಟಾಗಿ ಮದುವೆಯಾಗುತ್ತಾರೆ; ಔಷಧ ಕುಡಿದು ಸತ್ತಂತೆ ಮಲಗಿದ್ದ ಜೂಲಿಯೆಟ್ ನಿಜವಾಗಿಯೂ ಸತ್ತಳೆಂದು ನಂಬಿ ರೋಮಿಯೋ ವಿಷ ಕುಡಿಯುತ್ತಾನೆ, ಎಚ್ಚರಗೊಂಡ ಅವಳೂ ಪ್ರಾಣ ಕಳೆದುಕೊಳ್ಳುತ್ತಾಳೆ. ಕೊನೆಯ ದೃಶ್ಯದಲ್ಲಿ ವೆರೋನಾದ ಪ್ರಭು ಎಸ್ಕಲಸ್ ಸಮಾಧಿಯ ಮುಂದೆ ನಿಂತು, ಕೆಲವರಿಗೆ ಕ್ಷಮೆ ದೊರೆಯುತ್ತದೆ, ಕೆಲವರಿಗೆ ಶಿಕ್ಷೆಯಾಗುತ್ತದೆ ಎಂದು ಹೇಳುತ್ತಾನೆ. ಯಾರಿಗೆ ಕ್ಷಮೆ, ಯಾರಿಗೆ ಶಿಕ್ಷೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ನಾಟಕ ಅಲ್ಲಿಗೆ ಮುಗಿಯುತ್ತದೆ. ಬರೆಯದೆ ಉಳಿದ ಆ ತೀರ್ಪಿನ ಬಗ್ಗೆ ಇಲ್ಲಿನ ಓದುಗರ ಅಭಿಪ್ರಾಯ ತಿಳಿಯಬೇಕೆಂಬ ಆಸೆಯಿಂದ, ಮೊದಲು ನನ್ನ ವಾದವನ್ನು ಮುಂದಿಡುತ್ತಿದ್ದೇನೆ.

ನನ್ನ ದೃಷ್ಟಿಯಲ್ಲಿ ಮೊದಲ ಹೊಣೆ ಪಾದ್ರಿ ಲಾರೆನ್ಸನದು. ಈ ನಾಟಕದಲ್ಲಿ ತಪ್ಪು ಮಾಡುವವರು ಬಹಳ ಮಂದಿ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ತಾವು ಮಾಡುತ್ತಿರುವುದು ಏನೆಂದು ಪೂರ್ತಿ ತಿಳಿದಿರುವುದಿಲ್ಲ. ಮಗಳಿಗೆ ಆಗಲೇ ಮದುವೆಯಾಗಿದೆ ಎಂಬುದು ಜೂಲಿಯೆಟಳ ತಂದೆ ಕ್ಯಾಪ್ಯುಲೆಟನಿಗೆ ಗೊತ್ತಿಲ್ಲ. ತಾನು ಕಾಳಗಕ್ಕೆ ಕರೆಯುತ್ತಿರುವ ರೋಮಿಯೋ ತನ್ನ ಸೋದರತ್ತೆಯ ಮಗಳು ಜೂಲಿಯೆಟಳ ಗಂಡ ಎಂಬುದು ಟಿಬಾಲ್ಟನಿಗೆ ಗೊತ್ತಿಲ್ಲ. ತಾನು ಕೈಹಿಡಿಯಲು ಹೊರಟವಳು ಇನ್ನೊಬ್ಬನ ಹೆಂಡತಿ ಎಂಬುದು ಪಾರಿಸನಿಗೆ ಗೊತ್ತಿಲ್ಲ. ಲಾರೆನ್ಸನಿಗೆ ಎಲ್ಲವೂ ಗೊತ್ತು. ನಿನ್ನೆಯವರೆಗೆ ರೋಸಾಲಿನ್ ಎಂಬವಳಿಗಾಗಿ ಕಣ್ಣೀರಿಡುತ್ತಿದ್ದ ರೋಮಿಯೋ ಇಂದು ಬೇರೊಬ್ಬಳ ಹೆಸರು ಹೇಳುತ್ತಿದ್ದಾನೆ ಎಂಬುದನ್ನು ಅವನೇ ಎತ್ತಿ ಆಡುತ್ತಾನೆ. ನಿಧಾನವಾಗಿ ನಡೆ, ಓಡುವವರು ಎಡವುತ್ತಾರೆ ಎಂದು ಬುದ್ಧಿ ಹೇಳುತ್ತಾನೆ. ಇಷ್ಟನ್ನೂ ಹೇಳಿದವನು ಅದೇ ದಿನ ಮಧ್ಯಾಹ್ನ ಆ ಇಬ್ಬರಿಗೂ ಗುಟ್ಟಾಗಿ ಮದುವೆ ಮಾಡಿಸುತ್ತಾನೆ.

ಈ ಮದುವೆಯಿಂದ ಎರಡು ಮನೆಗಳ ಹಗೆ ಪ್ರೀತಿಯಾಗಿ ಮಾರ್ಪಡಬಹುದು ಎಂಬುದು ಅವನು ಕೊಡುವ ಕಾರಣ. ಉದ್ದೇಶ ಒಳ್ಳೆಯದೇ. ಆದರೆ ಊರಿಗೆ ತಿಳಿಯದ ಮದುವೆ ಊರಿನ ಹಗೆಯನ್ನು ತಣಿಸುವುದು ಹೇಗೆ? ಮದುವೆಯನ್ನು ಎಂದು, ಯಾರ ಮುಂದೆ, ಹೇಗೆ ಪ್ರಕಟಿಸಬೇಕು ಎಂಬ ಮಾತು ಅವನ ಬಾಯಿಂದ ಮೊದಲು ಬರುವುದು ಟಿಬಾಲ್ಟನನ್ನು ಕೊಂದ ರೋಮಿಯೋನಿಗೆ ಗಡೀಪಾರಾದ ಮೇಲೆ. ಅಂದರೆ ಇಬ್ಬರು ಎಳೆಯರ ಬದುಕನ್ನು ಒಂದು ದೊಡ್ಡ ಕಾರ್ಯಕ್ಕೆ ತೊಡಗಿಸಿದವನು ಆ ಕಾರ್ಯದ ಎರಡನೆಯ ಹೆಜ್ಜೆಯನ್ನೇ ಯೋಚಿಸಿರಲಿಲ್ಲ.

ನನಗೆ ಕ್ಷಮಿಸಲಾಗದ್ದು ಕೊನೆಯ ಗಳಿಗೆ. ಜೂಲಿಯೆಟ್ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಗಂಡನ ಹೆಣವಿದೆ. ಲಾರೆನ್ಸ್ ಅವಳ ಎದುರಿಗೇ ಇದ್ದಾನೆ. ನಮಗಿಂತ ದೊಡ್ಡ ಶಕ್ತಿಯೊಂದು ನಮ್ಮ ಎಣಿಕೆಯನ್ನು ಕೆಡಿಸಿತು ಎನ್ನುತ್ತಾನೆ, ಸಂನ್ಯಾಸಿನಿಯರ ಮಠಕ್ಕೆ ಸೇರಿಸುತ್ತೇನೆ ಎನ್ನುತ್ತಾನೆ, ಕಾವಲುಗಾರರ ಸದ್ದು ಕೇಳಿದೊಡನೆ ಇನ್ನು ಇಲ್ಲಿ ನಿಲ್ಲಲಾರೆ ಎಂದು ಹೊರಟುಹೋಗುತ್ತಾನೆ. ಹದಿನಾಲ್ಕು ತುಂಬದ ಹುಡುಗಿಯನ್ನು ಹೆಣಗಳ ನಡುವೆ ಒಬ್ಬಳನ್ನೇ ಬಿಟ್ಟುಹೋಗುವುದನ್ನು ವಿಧಿಯ ತಲೆಗೆ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ.

ಎಲ್ಲವನ್ನೂ ಒಬ್ಬನ ತಲೆಗೆ ಹೊರಿಸುವುದು ನ್ಯಾಯವೇ ಎಂಬುದು ನನ್ನ ಮೊದಲ ಪ್ರಶ್ನೆ. ಇವರು ನಕ್ಷತ್ರಗಳೇ ಮುನಿದ ಪ್ರೇಮಿಗಳು ಎಂದು ನಾಟಕದ ಪೀಠಿಕೆಯೇ ಸಾರಿದ ಮೇಲೆ, ಮನುಷ್ಯರ ಹೊಣೆಯ ಮಾತಿಗೆ ಅಲ್ಲಿ ಜಾಗ ಉಳಿದಿದೆಯೇ ಎಂಬುದು ಎರಡನೆಯದು.

ರಂಗಶಾಲೆ:

ಮುಂಗಾರು ಅವರೇ, ಪಾದ್ರಿಯ ಮೇಲಿನ ನಿಮ್ಮ ಆರೋಪಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಜೂಲಿಯೆಟಳನ್ನು ಸತ್ತವಳಂತೆ ಮಲಗಿಸುವ ಔಷಧದ ಸೀಸೆಯನ್ನು ಅವನು ಕೈಗೆತ್ತಿಕೊಂಡದ್ದು ಯಾವ ಸ್ಥಿತಿಯಲ್ಲಿ ಎಂಬುದನ್ನು ನೀವು ಬಿಟ್ಟಿದ್ದೀರಿ. ನಾಲ್ಕನೆಯ ಅಂಕದ ಮೊದಲ ದೃಶ್ಯದಲ್ಲಿ ಜೂಲಿಯೆಟ್ ಅವನ ಕೋಣೆಗೆ ಬರುವಾಗ ಅವಳ ಬಳಿ ಚೂರಿಯಿದೆ. ದಾರಿ ತೋರಿಸದಿದ್ದರೆ ಇಲ್ಲೇ ಚುಚ್ಚಿಕೊಳ್ಳುತ್ತೇನೆ ಎಂದು ಅವಳು ಹೇಳಿದ ಮೇಲೆಯೇ ಲಾರೆನ್ಸ್ ತನ್ನ ಉಪಾಯವನ್ನು ಬಾಯಿಬಿಡುವುದು. ಆ ಹುಡುಗಿಯ ಕೈಗೆ ಚೂರಿ ಬರುವಂತೆ ಮಾಡಿದ್ದು ಅವಳ ಹುಟ್ಟಿದ ಮನೆ. ಆದ್ದರಿಂದ ನನ್ನ ತೀರ್ಪಿನಲ್ಲಿ ಮೊದಲ ಹೆಸರು ತಂದೆ ಕ್ಯಾಪ್ಯುಲೆಟನದು.

ಆರಂಭದಲ್ಲಿ ಅವನು ಎಷ್ಟು ವಿವೇಕಿಯಾಗಿ ಕಾಣುತ್ತಾನೆ ಎಂಬುದನ್ನು ನೆನಪಿಸಿಕೊಳ್ಳಿ. ಪಾರಿಸ್ ಹೆಣ್ಣು ಕೇಳಲು ಬಂದಾಗ, ಇನ್ನೆರಡು ಬೇಸಿಗೆ ಕಳೆಯಲಿ ಎನ್ನುತ್ತಾನೆ. ಇವಳಿಗಿಂತ ಚಿಕ್ಕವರೂ ತಾಯಂದಿರಾಗಿದ್ದಾರೆ ಎಂದು ಪಾರಿಸ್ ವಾದಿಸಿದರೆ, ಅಷ್ಟು ಬೇಗ ತಾಯಂದಿರಾದವರು ಅಷ್ಟೇ ಬೇಗ ಕೆಡುತ್ತಾರೆ ಎಂದು ಉತ್ತರಿಸುತ್ತಾನೆ. ಮಗಳ ಮನಸ್ಸನ್ನು ಗೆದ್ದುಕೊಳ್ಳಿ, ಅವಳ ಒಪ್ಪಿಗೆಯಲ್ಲಿ ನನ್ನ ಒಪ್ಪಿಗೆ ಒಂದು ಭಾಗ ಮಾತ್ರ ಎಂದೂ ಹೇಳುತ್ತಾನೆ. ಇದು ಭಾನುವಾರದ ಮಾತು. ಸೋಮವಾರ ರಾತ್ರಿ, ಮಗಳನ್ನು ಒಂದು ಮಾತೂ ಕೇಳದೆ, ಗುರುವಾರ ಮದುವೆ ಎಂದು ಪಾರಿಸನಿಗೆ ಮಾತು ಕೊಟ್ಟುಬಿಡುತ್ತಾನೆ. ಮಂಗಳವಾರ ಬೆಳಿಗ್ಗೆ ಮಗಳು ಒಲ್ಲೆ ಎಂದಾಗ, ನೇಣು ಹಾಕಿಕೋ, ಭಿಕ್ಷೆ ಬೇಡು, ಉಪವಾಸ ಬೀಳು, ಬೀದಿಯಲ್ಲಿ ಸಾಯಿ ಎಂದು ಕೂಗಾಡುತ್ತಾನೆ. ಎರಡು ಬೇಸಿಗೆಯ ತಾಳ್ಮೆ ಎರಡು ದಿನವೂ ಉಳಿಯಲಿಲ್ಲ.

ಜೂಲಿಯೆಟ್ ಅಲ್ಲಿ ಕೇಳುವುದು ಬಹಳ ಕಡಿಮೆ ಎಂಬುದು ನನ್ನನ್ನು ಪ್ರತಿ ಓದಿನಲ್ಲೂ ಕಾಡುತ್ತದೆ. ಅವಳು ತಂದೆಯ ಮುಂದೆ ಮೊಣಕಾಲೂರುತ್ತಾಳೆ. ಅವನು ಹೊರಟುಹೋದ ಮೇಲೆ ತಾಯಿಯನ್ನು ಬೇಡುತ್ತಾಳೆ: ಈ ಮದುವೆಯನ್ನು ಒಂದು ತಿಂಗಳು, ಇಲ್ಲವಾದರೆ ಒಂದು ವಾರ ಮುಂದೂಡು. ತಾಯಿ, ನನ್ನೊಡನೆ ಮಾತಾಡಬೇಡ, ಇನ್ನು ನಿನಗೂ ನನಗೂ ಏನೂ ಇಲ್ಲ ಎಂದು ಹೊರಟುಹೋಗುತ್ತಾಳೆ. ಆ ಒಂದು ವಾರ ಸಿಕ್ಕಿದ್ದರೆ, ಗಡೀಪಾರಾದ ರೋಮಿಯೋ ಇದ್ದ ಮಾಂಟುವಾಕ್ಕೆ ಲಾರೆನ್ಸನ ಕಾಗದ ಮುಟ್ಟುತ್ತಿತ್ತು. ಕಾಗದದ ಅಗತ್ಯವೇ ಬೀಳದಂತೆ ಬೇರೆ ದಾರಿ ತೆರೆಯಲೂಬಹುದಿತ್ತು.

ಇನ್ನೂ ಒಂದು ಅಂಶ ಓದುಗರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಲಾರೆನ್ಸನ ಲೆಕ್ಕಾಚಾರ ನಿಂತಿದ್ದು ಗುರುವಾರದ ಮದುವೆಯ ಮೇಲೆ: ಜೂಲಿಯೆಟ್ ಬುಧವಾರ ರಾತ್ರಿ ಔಷಧ ಕುಡಿಯಬೇಕು, 42 ಗಂಟೆಗಳ ಕಾಲ ಸತ್ತವಳಂತೆ ಮಲಗಿರಬೇಕು, ಅಷ್ಟರೊಳಗೆ ರೋಮಿಯೋ ಬರಬೇಕು. ಮಂಗಳವಾರ ಸಂಜೆ ಮಗಳು ಕ್ಷಮೆ ಕೇಳಿ ಒಪ್ಪಿದಂತೆ ನಟಿಸಿದಾಗ, ಕ್ಯಾಪ್ಯುಲೆಟ್ ಹಿಗ್ಗಿಹೋಗಿ ಮದುವೆಯನ್ನು ಬುಧವಾರ ಬೆಳಿಗ್ಗೆಗೇ ಹಿಂದಕ್ಕೆ ತರುತ್ತಾನೆ. ಸಿದ್ಧತೆಗೆ ಸಾಮಗ್ರಿ ಸಾಲದು ಎಂದು ಹೆಂಡತಿ ಹೇಳಿದರೂ ಕೇಳುವುದಿಲ್ಲ. ಔಷಧ ಒಂದು ದಿನ ಮೊದಲೇ ಗಂಟಲಿಗಿಳಿಯುತ್ತದೆ. ದೂತನಿಗೆ ಇದ್ದ ಒಂದು ಪೂರ್ತಿ ದಿನವನ್ನು ಕಸಿದುಕೊಂಡದ್ದು ನಕ್ಷತ್ರವಲ್ಲ, ಒಬ್ಬ ಯಜಮಾನನ ಹುಮ್ಮಸ್ಸು.

ನ್ಯಾಯಪೀಠ:

ಇಬ್ಬರ ವಾದವನ್ನೂ ಓದಿದೆ. ಪಾದ್ರಿ ಏಕೆ ಗುಟ್ಟಾಗಿ ಮದುವೆ ಮಾಡಿಸಬೇಕಾಯಿತು, ಜೂಲಿಯೆಟ್ ಏಕೆ ತಂದೆಯ ಮುಂದೆ ನಿಜ ಹೇಳಲಾರದೆ ಹೋದಳು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ: ಊರಿನ ಬೀದಿಯಲ್ಲಿ ಕತ್ತಿ ಹಿಡಿದು ನಿಂತಿರುವ ಹಗೆ. ಆ ಹಗೆಯನ್ನು ಅಡಗಿಸುವುದು ಯಾರ ಕರ್ತವ್ಯವಾಗಿತ್ತೋ ಅವನ ಹೆಸರು ಈ ಚರ್ಚೆಯಲ್ಲಿ ಇನ್ನೂ ಆರೋಪಿಯಾಗಿ ಬಂದಿಲ್ಲ. ಅವನು ಪ್ರಭು ಎಸ್ಕಲಸ್. ಮುಂಗಾರು ಅವರು ಅವನನ್ನು ತೀರ್ಪು ಕೊಡುವವನನ್ನಾಗಿ ನೋಡಿದ್ದಾರೆ. ನಾನು ಅವನನ್ನು ಕಟಕಟೆಯಲ್ಲಿ ನಿಲ್ಲಿಸುತ್ತೇನೆ.

ಮೊದಲ ದೃಶ್ಯದಲ್ಲಿ ಆಳುಗಳಿಂದ ಹುಟ್ಟಿದ ಜಗಳ ಧಣಿಗಳವರೆಗೆ ಹಬ್ಬಿದಾಗ ಪ್ರಭುವೇ ಬಂದು ಬಿಡಿಸಬೇಕಾಗುತ್ತದೆ. ಗಾಳಿಮಾತಿನಿಂದ ಹುಟ್ಟಿದ ಇಂಥ ಕಾದಾಟ ಮೂರು ಬಾರಿ ಆಯಿತು ಎಂದು ಅವನೇ ಹೇಳುತ್ತಾನೆ. ಅಂದರೆ ಮೊದಲೆರಡು ಬಾರಿ ಅವನು ಗಟ್ಟಿಯಾಗಿ ಏನನ್ನೂ ಮಾಡಲಿಲ್ಲ. ಮೂರನೆಯ ಬಾರಿ, ಇನ್ನೊಮ್ಮೆ ಶಾಂತಿ ಕದಡಿದರೆ ತಲೆದಂಡ ಎಂದು ಘೋಷಿಸುತ್ತಾನೆ. ಆ ಮೇಲೆ ಮಾಡಿದ್ದೇನು? ಕ್ಯಾಪ್ಯುಲೆಟನನ್ನು ಆಗಲೇ ತನ್ನೊಡನೆ ಕರೆದೊಯ್ಯುತ್ತಾನೆ, ರೋಮಿಯೋನ ತಂದೆ ಮಾಂಟೆಗ್ಯೂವನ್ನು ಮಧ್ಯಾಹ್ನ ಬರಹೇಳುತ್ತಾನೆ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಬೇಕು ಎಂಬುದು ಅವನಿಗೆ ಹೊಳೆಯುವುದೇ ಇಲ್ಲ. ವಿಚಿತ್ರವೆಂದರೆ ರಾಜಿಗೆ ಆ ಹೊತ್ತು ಪಕ್ವವಾಗಿತ್ತು. ನಮ್ಮಂಥ ಮುದುಕರಿಗೆ ಶಾಂತಿಯಿಂದಿರುವುದು ಕಷ್ಟವೇನಲ್ಲ ಎಂದು ಕ್ಯಾಪ್ಯುಲೆಟ್ ಮರುದೃಶ್ಯದಲ್ಲೇ ಹೇಳುತ್ತಾನೆ. ಅದೇ ರಾತ್ರಿ ತನ್ನ ಮನೆಯ ಔತಣಕ್ಕೆ ಕರೆಯದೆ ಬಂದ ರೋಮಿಯೋನನ್ನು ಗುರುತಿಸಿಯೂ, ಅವನು ಒಳ್ಳೆಯ ಹುಡುಗನೆಂದು ಊರೇ ಹೊಗಳುತ್ತದೆ ಎಂದು ಹೇಳಿ, ಟಿಬಾಲ್ಟನನ್ನು ಗದರಿ ಸುಮ್ಮನಾಗಿಸುತ್ತಾನೆ. ಹಿರಿಯರಿಗೆ ಹಗೆ ಸಾಕಾಗಿತ್ತು. ಅದನ್ನು ಬಿಡಲು ಒಂದು ನೆಪವನ್ನು ಆಳುವವನು ಒದಗಿಸಬೇಕಾಗಿತ್ತು.

ಮೂರನೆಯ ಅಂಕದಲ್ಲಿ ರೋಮಿಯೋನ ಗೆಳೆಯ ಮರ್ಕ್ಯೂಶಿಯೋ ಮತ್ತು ಟಿಬಾಲ್ಟ್ ಬೀದಿಯಲ್ಲಿ ಸತ್ತಾಗ, ಘೋಷಿಸಿದ ತಲೆದಂಡ ಜಾರಿಯಾಗುವುದಿಲ್ಲ. ರೋಮಿಯೋನಿಗೆ ಗಡೀಪಾರು, ಎರಡೂ ಮನೆಗಳಿಗೆ ಭಾರಿ ದಂಡ. ದಯೆ ತೋರಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಬೆದರಿಕೆ ಒಂದು, ಆಚರಣೆ ಇನ್ನೊಂದು ಎಂಬ ಆಡಳಿತದಲ್ಲಿ ಟಿಬಾಲ್ಟನಂಥವರಿಗೆ ಹೆದರಿಕೆಯಿರುವುದಿಲ್ಲ ಎಂಬುದಷ್ಟೇ ನನ್ನ ಮಾತು. ಕೊನೆಯಲ್ಲಿ ಎಸ್ಕಲಸನೇ ಅದನ್ನು ಒಪ್ಪಿಕೊಳ್ಳುತ್ತಾನೆ: ನಿಮ್ಮ ಕಲಹವನ್ನು ಕಂಡೂ ಕಾಣದಂತಿದ್ದ ತಪ್ಪಿಗೆ ನಾನೂ ಇಬ್ಬರು ಬಂಧುಗಳನ್ನು ಕಳೆದುಕೊಂಡೆ ಎನ್ನುತ್ತಾನೆ. ಆ ಇಬ್ಬರು ಮರ್ಕ್ಯೂಶಿಯೋ ಮತ್ತು ಪಾರಿಸ್. ಇಡೀ ನಾಟಕದಲ್ಲಿ ತನ್ನ ಹೊಣೆಯನ್ನು ಇಷ್ಟು ನೇರವಾಗಿ, ಯಾವ ಷರತ್ತೂ ಇಲ್ಲದೆ ಒಪ್ಪಿಕೊಳ್ಳುವವನು ಅವನೊಬ್ಬನೇ. ಲಾರೆನ್ಸ್ ತನ್ನ ಪ್ರಾಣವನ್ನೇ ಒಪ್ಪಿಸಲು ಸಿದ್ಧನಾದರೂ, ಇದರಲ್ಲಿ ನನ್ನಿಂದ ತಪ್ಪಾಗಿದ್ದರೆ ಎಂಬ ಷರತ್ತನ್ನು ಸೇರಿಸಿಯೇ ಹೇಳುತ್ತಾನೆ.

ಹಸ್ತಪ್ರತಿ:

ವಿಧಿಯ ಬಗೆಗಿನ ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ, ಷೇಕ್ಸ್‌ಪಿಯರ್ ಈ ಕಥೆಯನ್ನು ಎಲ್ಲಿಂದ ತೆಗೆದುಕೊಂಡ, ಅದರಲ್ಲಿ ಏನನ್ನು ಬದಲಿಸಿದ ಎಂಬ ದಾರಿಯಿಂದ ಅದನ್ನು ನೋಡಲು ಪ್ರಯತ್ನಿಸುತ್ತೇನೆ.

ಅವನ ಮುಂದಿದ್ದ ಮುಖ್ಯ ಆಕರ 1562ರಲ್ಲಿ ಅಚ್ಚಾದ ಆರ್ಥರ್ ಬ್ರೂಕನ ದೀರ್ಘ ಕಥನಕಾವ್ಯ. ಅದಕ್ಕೂ ಹಿಂದೆ ಇಟಲಿಯಲ್ಲಿ ಲೂಯಿಜಿ ದ ಪೋರ್ತೊ ಮತ್ತು ಮತ್ತೇಯೊ ಬಂದೆಲ್ಲೊ ಇದೇ ಕಥೆಯನ್ನು ಗದ್ಯದಲ್ಲಿ ಬರೆದಿದ್ದರು. ಬ್ರೂಕ್ ಓದುಗರಿಗೆ ಬರೆದ ಮುನ್ನುಡಿಯಲ್ಲಿ ತೀರ್ಪು ಸ್ಪಷ್ಟವಾಗಿದೆ: ಹೆತ್ತವರ ಮತ್ತು ಹಿತೈಷಿಗಳ ಮಾತು ಮೀರಿ, ಅಯೋಗ್ಯ ಬಯಕೆಗೆ ದಾಸರಾಗಿ, ಕುಡುಕ ಹೆಂಗಸರ ಮತ್ತು ಮೂಢ ಸಂನ್ಯಾಸಿಗಳ ಸಲಹೆ ಪಡೆದ ಪ್ರೇಮಿಗಳಿಗೆ ತಕ್ಕ ಗತಿಯಾಯಿತು. ಮುನ್ನುಡಿ ದಾಟಿ ಕಾವ್ಯಕ್ಕೆ ಬಂದರೆ ಆ ಕಾಠಿಣ್ಯ ಅವನಿಗೇ ಉಳಿಸಿಕೊಳ್ಳಲಾಗುವುದಿಲ್ಲ. ಪ್ರೇಮಿಗಳ ಮೇಲೆ ಅವನಿಗೂ ಕರುಣೆ ಉಕ್ಕುತ್ತದೆ. ಆದರೆ ಕೊನೆಯಲ್ಲಿ ಶಿಕ್ಷೆಗಳನ್ನು ಅವನು ಹಂಚಿಯೇ ಹಂಚುತ್ತಾನೆ. ಮದುವೆಯನ್ನು ಮುಚ್ಚಿಟ್ಟ ಜೂಲಿಯೆಟಳ ದಾದಿಗೆ ಗಡೀಪಾರು, ರೋಮಿಯೋನಿಗೆ ವಿಷ ಮಾರಿದವನಿಗೆ ನೇಣು, ರೋಮಿಯೋನ ಸೇವಕನಿಗೆ ಬಿಡುಗಡೆ. ಪಾದ್ರಿ ತಾನಾಗಿ ಊರಾಚೆಯ ಆಶ್ರಮಕ್ಕೆ ಹೋಗಿ ಕೆಲವು ವರ್ಷಗಳ ಬಳಿಕ ಸಾಯುತ್ತಾನೆ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಾಟಕ ಬರೆದವನು ಅದನ್ನು ಪೂರ್ತಿ ಅಳಿಸಿಹಾಕಿ, ಕ್ಷಮೆ ಮತ್ತು ಶಿಕ್ಷೆ ಎಂಬ ಎರಡು ಮಾತನ್ನಷ್ಟೇ ಉಳಿಸಿಕೊಂಡ. ಶಿಕ್ಷೆ ಪಡೆದವರೆಲ್ಲ ಆಳುಗಳು ಮತ್ತು ಬಡವರು ಎಂಬುದನ್ನು ಗಮನಿಸಿದರೆ, ಅದನ್ನು ಅಳಿಸಿದ್ದರ ಹಿಂದೆ ಒಂದು ನಿಲುವೇ ಇದೆ ಎನಿಸುತ್ತದೆ. ಮಾಂಟುವಾದ ಆ ಔಷಧಿ ಮಾರುವವನು ವಿಷಕ್ಕೆ 40 ಡ್ಯುಕಟ್ ನಾಣ್ಯ ತೆಗೆದುಕೊಳ್ಳುವಾಗ, ಒಪ್ಪುತ್ತಿರುವುದು ನನ್ನ ಬಡತನ, ನನ್ನ ಮನಸ್ಸಲ್ಲ ಎನ್ನುತ್ತಾನೆ. ಅವನನ್ನು ನೇಣಿಗೇರಿಸಿ ವೆರೋನಾದ ಎರಡು ಶ್ರೀಮಂತ ಮನೆಗಳು ಕೈ ತೊಳೆದುಕೊಳ್ಳುವ ಮುಕ್ತಾಯವನ್ನು ಈ ನಾಟಕ ಒಲ್ಲೆನ್ನುತ್ತದೆ.

ಇನ್ನೆರಡು ಬದಲಾವಣೆಗಳು ನೇರವಾಗಿ ಹೊಣೆಗೆ ಸಂಬಂಧಿಸಿವೆ. ಬ್ರೂಕನ ಕಾವ್ಯದಲ್ಲಿ ಕಥೆ ಹಲವು ತಿಂಗಳು ನಡೆಯುತ್ತದೆ; ನಾಟಕದಲ್ಲಿ ಅದು ನಾಲ್ಕೈದು ದಿನಕ್ಕೆ ಇಳಿದಿದೆ. ಬ್ರೂಕನ ಜೂಲಿಯೆಟಳಿಗೆ 16 ವರ್ಷ. ಇಲ್ಲಿ ಅವಳಿಗೆ ಹದಿನಾಲ್ಕು ತುಂಬಲು ಇನ್ನೂ ಎರಡು ವಾರಕ್ಕೂ ಮೇಲ್ಪಟ್ಟು ಕಾಯಬೇಕು. ವಯಸ್ಸನ್ನು ಇಳಿಸಿ ಕಾಲವನ್ನು ಬಿಗಿಗೊಳಿಸಿದಾಗ ಪ್ರೇಮಿಗಳ ಪಾಲಿನ ತಪ್ಪು ಹಗುರವಾಗುತ್ತದೆ, ಸುತ್ತಲಿನ ಹಿರಿಯರ ಪಾಲಿನದು ತೂಕ ಪಡೆಯುತ್ತದೆ.

ಇನ್ನು ನಕ್ಷತ್ರಗಳ ವಿಷಯ. ಪೀಠಿಕೆಯ ಹದಿನಾಲ್ಕು ಸಾಲುಗಳಲ್ಲಿ ನಕ್ಷತ್ರದ ಮಾತು ಎಷ್ಟಿದೆಯೋ ಹೆತ್ತವರ ಹಗೆಯ ಮಾತು ಅದಕ್ಕಿಂತ ಹೆಚ್ಚಿದೆ. ಮಕ್ಕಳ ಸಾವಿನ ಹೊರತು ಮತ್ತಾವುದರಿಂದಲೂ ನೀಗದ ಹಗೆ ಎಂದು ಅದು ಹೇಳುತ್ತದೆ. ನಾಟಕದಲ್ಲಿ ಯಾರ ಕೈಯೂ ಇಲ್ಲದೆ ನಡೆಯುವ ಘಟನೆಯೆಂದರೆ ಪ್ಲೇಗ್ ಒಂದೇ. ಲಾರೆನ್ಸನ ಕಾಗದವನ್ನು ಒಯ್ಯಬೇಕಾಗಿದ್ದ ಪಾದ್ರಿ ಜಾನ್ ಮಾಂಟುವಾಕ್ಕೆ ಹೊರಡುವ ಮುನ್ನ ರೋಗಿಗಳನ್ನು ನೋಡುತ್ತಿದ್ದ ಇನ್ನೊಬ್ಬ ಪಾದ್ರಿಯನ್ನು ಜೊತೆಗೆ ಕರೆಯಲು ಹೋಗುತ್ತಾನೆ. ಸೋಂಕಿನ ಶಂಕೆಯಿಂದ ಅಧಿಕಾರಿಗಳು ಆ ಮನೆಯ ಬಾಗಿಲಿಗೆ ಮುದ್ರೆ ಹಾಕಿಬಿಡುತ್ತಾರೆ. ಪ್ಲೇಗಿನ ಕಾರಣದಿಂದ 1592ರಿಂದ 1594ರ ನಡುವೆ ಬಹುಕಾಲ ಮುಚ್ಚಿದ್ದ ಲಂಡನ್ನಿನ ರಂಗಮಂದಿರಗಳು ತೆರೆದ ಸ್ವಲ್ಪದರಲ್ಲೇ ಈ ನಾಟಕ ಬಂದದ್ದು; ಆ ಪ್ರೇಕ್ಷಕರಿಗೆ ಇಂಥ ಬಾಗಿಲುಗಳ ಪರಿಚಯ ಚೆನ್ನಾಗಿಯೇ ಇತ್ತು. ಆದರೂ ಪ್ಲೇಗ್ ತಡೆದದ್ದು ಒಂದು ಕಾಗದವನ್ನು ಮಾತ್ರ. ಇಬ್ಬರ ಜೀವ ಒಂದೇ ಕಾಗದದ ಮೇಲೆ ನಿಲ್ಲುವ ಸ್ಥಿತಿಯನ್ನು ತಂದವರು ಮನುಷ್ಯರು. ಆದ್ದರಿಂದ ವಿಧಿ ಇದ್ದರೂ ಹೊಣೆ ಅಳಿಯುವುದಿಲ್ಲ ಎಂಬುದು ನನ್ನ ಓದು.

ಎರಡನೇ ಸಾಲು:

ಇಷ್ಟು ಜನ ಇಷ್ಟು ಬರೆದರೂ ವಿಷವನ್ನು ಕೊಂಡವನ ಬಗ್ಗೆ ಯಾರೂ ಮಾತಾಡದಿರುವುದು ನನಗೆ ಸರಿಯೆನಿಸುವುದಿಲ್ಲ. ರೋಮಿಯೋನ ವಯಸ್ಸನ್ನು ನಾಟಕ ಎಲ್ಲಿಯೂ ಹೇಳುವುದಿಲ್ಲ. ಆದರೆ ಅವನು ಕತ್ತಿ ಕಟ್ಟಿ ತಿರುಗುವವನು, ಟಿಬಾಲ್ಟನನ್ನು ಕೊಂದವನು. ಸಮಾಧಿಯ ಬಾಗಿಲಲ್ಲಿ ಪಾರಿಸನನ್ನೂ ಕೊಲ್ಲುತ್ತಾನೆ. ಪಾರಿಸ್ ಅಲ್ಲಿಗೆ ಬಂದದ್ದು ಹೂವಿಡಲು. ಸಾಯುವ ಮೊದಲು, ನನ್ನನ್ನು ಜೂಲಿಯೆಟಳ ಪಕ್ಕದಲ್ಲಿ ಮಲಗಿಸು ಎಂದಷ್ಟೇ ಅವನು ಕೇಳಿಕೊಳ್ಳುತ್ತಾನೆ. ಈ ಸಾವನ್ನು ರಂಗದ ಮೇಲೆ ಹಲವರು ಕತ್ತರಿಸಿಬಿಡುತ್ತಾರೆ. ಕತ್ತರಿಸಿದಾಗ ರೋಮಿಯೋನ ಅಂಗಿಯ ಮೇಲಿನ ರಕ್ತದ ಕಲೆಯೂ ಹೋಗಿ, ಅವನು ಬರೀ ಬಲಿಪಶುವಾಗಿ ಉಳಿಯುತ್ತಾನೆ.

ಸೇವಕ ಬಾಲ್ತಸಾರ್ ಮಾಂಟುವಾಕ್ಕೆ ಬಂದು ಜೂಲಿಯೆಟ್ ಸತ್ತಳೆಂದು ಹೇಳಿದಾಗ ರೋಮಿಯೋ, ಪಾದ್ರಿಯಿಂದ ಕಾಗದವೇನಾದರೂ ಇದೆಯೇ ಎಂದು ಕೇಳುತ್ತಾನೆ. ಇಲ್ಲ ಎಂಬ ಉತ್ತರ ಬಂದಾಗ, ಹೋಗಲಿ ಬಿಡು ಎನ್ನುತ್ತಾನೆ. ಬಾಲ್ತಸಾರ್ ತಾಳ್ಮೆಯಿಂದಿರಿ ಎಂದು ಬೇಡಿಕೊಳ್ಳುತ್ತಾನೆ. ಎಲ್ಲ ಸುದ್ದಿಯನ್ನೂ ತನಗೆ ಮುಟ್ಟಿಸುವುದಾಗಿ ಮಾತು ಕೊಟ್ಟವನಿಂದ ಒಂದು ಸಾಲೂ ಬಂದಿಲ್ಲವೆಂದರೆ ಯಾರಿಗಾದರೂ ಅನುಮಾನ ಹುಟ್ಟಬೇಕು. ಒಂದು ರಾತ್ರಿ ತಡೆದಿದ್ದರೆ, ವೆರೋನಾ ತಲುಪಿದ ಮೇಲಾದರೂ ಮೊದಲು ಪಾದ್ರಿಯ ಮನೆಯ ಕದ ತಟ್ಟಿದ್ದರೆ ಸಾಕಿತ್ತು. ಆ ಪ್ರಶ್ನೆ ಅವನ ಬಾಯಿಗೆ ಬಂದು, ಉತ್ತರದ ಅರ್ಥವನ್ನು ಯೋಚಿಸುವ ಮೊದಲೇ ಅವನು ವಿಷದ ಅಂಗಡಿಯನ್ನು ನೆನೆಯುತ್ತಿದ್ದ.

ಜೂಲಿಯೆಟಳನ್ನು ಈ ತಕ್ಕಡಿಯಲ್ಲಿ ನಾನು ತೂಗುವುದಿಲ್ಲ. ಅವಳು ಔಷಧ ಕುಡಿಯುವ ಮುನ್ನ ಒಂದೊಂದು ಅಪಾಯವನ್ನೂ ಎಣಿಸುತ್ತಾಳೆ: ಇದು ಕೆಲಸ ಮಾಡದಿದ್ದರೆ, ಇದು ನಿಜವಾಗಿಯೂ ವಿಷವಾಗಿದ್ದರೆ, ರೋಮಿಯೋ ಬರುವ ಮೊದಲೇ ಎಚ್ಚರವಾದರೆ, ಗಾಳಿಯಿಲ್ಲದ ನೆಲಮಾಳಿಗೆಯಲ್ಲಿ ಉಸಿರುಕಟ್ಟಿದರೆ. ಮದುವೆಗೆ ಒಪ್ಪಿದ ರಾತ್ರಿಯೂ, ಇದು ತೀರ ದುಡುಕು, ತೀರ ಹಠಾತ್ತು ಎಂದು ಅಳುಕಿದವಳು ಅವಳೇ. ಆ ಐದು ದಿನಗಳಲ್ಲಿ ಮುಂದಿನದನ್ನು ಯೋಚಿಸಿ ಹೆಜ್ಜೆಯಿಟ್ಟವಳು ಎಲ್ಲರಿಗಿಂತ ಚಿಕ್ಕವಳು.

ಮುಂಗಾರು:

ಎಲ್ಲರಿಗೂ ಕೃತಜ್ಞತೆಗಳು. ರಂಗಶಾಲೆ ಅವರು ಎತ್ತಿದ ಆ ಕಳೆದುಹೋದ ದಿನದ ವಿಷಯವನ್ನೂ, ಹಸ್ತಪ್ರತಿ ಅವರು ತೋರಿಸಿದ ಬ್ರೂಕನ ಶಿಕ್ಷೆಗಳ ಪಟ್ಟಿಯನ್ನೂ ಈ ಚರ್ಚೆಯ ಮುಖ್ಯ ಲಾಭವೆಂದು ಭಾವಿಸುತ್ತೇನೆ. ಎಸ್ಕಲಸ್, ಕ್ಯಾಪ್ಯುಲೆಟ್, ರೋಮಿಯೋ ಮೂವರೂ ನನ್ನ ತೀರ್ಪಿನೊಳಗೆ ಬರುತ್ತಾರೆ. ಆದರೂ ಲಾರೆನ್ಸನನ್ನು ಮೊದಲ ಸ್ಥಾನದಿಂದ ಇಳಿಸಲು ನಾನು ಸಿದ್ಧನಿಲ್ಲ. ಎರಡನೇ ಸಾಲು ಅವರು ಬಾಲ್ತಸಾರನ ಹೆಸರೆತ್ತಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ.

ಮೂರನೆಯ ಅಂಕದ ಮೂರನೆಯ ದೃಶ್ಯವನ್ನು ತೆರೆದು ನೋಡಿ. ರೋಮಿಯೋನನ್ನು ಮಾಂಟುವಾಕ್ಕೆ ಕಳಿಸುವಾಗ ಲಾರೆನ್ಸ್ ಸ್ಪಷ್ಟವಾಗಿ ಮಾತು ಕೊಡುತ್ತಾನೆ: ನಿನ್ನ ಸೇವಕನನ್ನು ನಾನು ಹುಡುಕಿ ಹಿಡಿಯುತ್ತೇನೆ, ಇಲ್ಲಿ ನಡೆಯುವ ಒಳ್ಳೆಯ ಸುದ್ದಿಯನ್ನೆಲ್ಲ ಅವನ ಮೂಲಕ ಆಗಾಗ ನಿನಗೆ ಮುಟ್ಟಿಸುತ್ತೇನೆ. ಗೊತ್ತುಮಾಡಿದ ದೂತ ಬಾಲ್ತಸಾರ್. ಜೀವನ್ಮರಣದ ಸುದ್ದಿ ಕಳಿಸಬೇಕಾದ ಹೊತ್ತಿನಲ್ಲಿ ಲಾರೆನ್ಸ್ ಅವನನ್ನು ಬಿಟ್ಟು, ಕಾಗದದ ಮಹತ್ವವೇ ತಿಳಿಯದ ಜಾನನ ಕೈಗೆ ಅದನ್ನು ಕೊಡುತ್ತಾನೆ. ಇತ್ತ ಬಾಲ್ತಸಾರ್, ಯಾರೂ ಏನೂ ಹೇಳದಿದ್ದುದರಿಂದ, ಜೂಲಿಯೆಟಳನ್ನು ಸಮಾಧಿಯಲ್ಲಿಟ್ಟದ್ದನ್ನು ಕಣ್ಣಾರೆ ಕಂಡು, ಕುದುರೆಯೇರಿ ನೇರವಾಗಿ ಒಡೆಯನ ಬಳಿಗೆ ಹೋಗುತ್ತಾನೆ. ಅವನಿಗೆ ಯಾವ ಬಾಗಿಲೂ ಅಡ್ಡಬರಲಿಲ್ಲ. ಪ್ಲೇಗಿನ ಮುದ್ರೆ ಬಿದ್ದದ್ದು ಲಾರೆನ್ಸ್ ತಾನಾಗಿ ಆರಿಸಿಕೊಂಡ ಇನ್ನೊಂದು ದಾರಿಯ ಮೇಲೆ. ಇದನ್ನು ಕಂಡ ಮೇಲೆ ವಿಧಿಯ ಪಾಲು ನನಗೆ ಇನ್ನಷ್ಟು ಕಿರಿದಾಗಿ ತೋರುತ್ತದೆ.

ಕಾಗದ ಮುಟ್ಟಲಿಲ್ಲವೆಂದು ತಿಳಿದ ಮೇಲೂ ಮೂರು ಗಂಟೆಗಳ ಕಾಲಾವಕಾಶ ಇತ್ತು. ಆಗಲಾದರೂ ಅವನು ಕ್ಯಾಪ್ಯುಲೆಟನ ಮನೆಗೆ ಹೋಗಿ, ನಿಮ್ಮ ಮಗಳು ಬದುಕಿದ್ದಾಳೆ ಎಂದು ಹೇಳಬಹುದಿತ್ತು. ಸತ್ತಳೆಂದು ಅಳುತ್ತಿದ್ದ ತಂದೆ ಆ ಮಾತು ಕೇಳಿ ಮಗಳನ್ನು ಬೈಯುತ್ತಿದ್ದನೇ? ಅದರ ಬದಲು ಅವನು ಹಾರೆ ಹಿಡಿದು, ಕತ್ತಲಲ್ಲಿ ಗೋರಿಗಳಿಗೆ ಎಡವುತ್ತ, ಒಬ್ಬನೇ ಹೋಗುತ್ತಾನೆ. ಅಷ್ಟು ಹೊತ್ತಿಗೂ ಅವನು ಗುಟ್ಟನ್ನೇ ಕಾಯುತ್ತಿದ್ದ. ಆ ಗುಟ್ಟು ಹೊರಬಿದ್ದಿದ್ದರೆ ಅಪಾಯ ಅವನಿಗಿತ್ತು, ಹುಡುಗಿಗಲ್ಲ. ಇದನ್ನು ಅಲ್ಲಗಳೆಯುವವರಿದ್ದರೆ ದಯವಿಟ್ಟು ಬರೆಯಿರಿ.

ರಂಗಶಾಲೆ:

ಬಾಲ್ತಸಾರನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದಕ್ಕೆ ಪಾದ್ರಿಯ ಪರವಾಗಿ ನನ್ನ ಬಳಿ ಉತ್ತರವಿಲ್ಲ. ಆದರೆ ಎಲ್ಲವೂ ಗೊತ್ತಿದ್ದವನು ಅವನೊಬ್ಬನೇ ಎಂಬ ನಿಮ್ಮ ಮೊದಲ ಮಾತಿಗೆ ಒಂದು ತಿದ್ದುಪಡಿ ಬೇಕು. ಔಷಧದ ಗುಟ್ಟು ಅವನೊಬ್ಬನಿಗೆ ಗೊತ್ತಿತ್ತು. ಮದುವೆಯ ಗುಟ್ಟು ದಾದಿಗೂ ಗೊತ್ತಿತ್ತು. ಪ್ರಭುವಿನ ಮುಂದೆ ಲಾರೆನ್ಸ್ ಅದನ್ನು ಹೇಳಿಯೇ ಬಿಡುತ್ತಾನೆ. ಮಂಗಳವಾರ ಬೆಳಿಗ್ಗೆ ಕ್ಯಾಪ್ಯುಲೆಟ್ ಮಗಳ ಮೇಲೆ ಎಗರಾಡುವಾಗ ದಾದಿ ಅಲ್ಲೇ ಇದ್ದಾಳೆ. ಇವಳಿಗೆ ಆಗಲೇ ಮದುವೆಯಾಗಿದೆ ಎಂಬ ಒಂದು ವಾಕ್ಯದಿಂದ ಗುರುವಾರದ ಮದುವೆ ನಿಲ್ಲುತ್ತಿತ್ತು.

ಅವಳು ಬಾಯಿ ತೆರೆಯದೆ ಇರಲಿಲ್ಲ. ಹಾಗೆ ಬೈಯುವುದು ತಪ್ಪು ಒಡೆಯಾ ಎಂದು ಮಧ್ಯೆ ಬರುತ್ತಾಳೆ; ಹರಟೆ ಹೊಡೆಯುವ ಮೂರ್ಖಳೇ, ಸುಮ್ಮನಿರು ಎಂದು ಅವನು ಅವಳನ್ನು ಅಡಗಿಸುತ್ತಾನೆ. ಅವನು ಹೊರಟ ಮೇಲೆ ಜೂಲಿಯೆಟ್ ಒಂದು ಸಮಾಧಾನದ ಮಾತನ್ನು ಕೇಳಿದಾಗ, ದಾದಿ ಪಾರಿಸನನ್ನೇ ಮದುವೆಯಾಗು ಎನ್ನುತ್ತಾಳೆ. ಹಾಲೂಡಿ ಸಾಕಿದವಳ ಬಾಯಿಂದ ಆ ಮಾತು ಬಂದ ಮೇಲೆ ಹುಡುಗಿಗೆ ಆ ಮನೆಯಲ್ಲಿ ಮಾತಾಡಿಸುವವರು ಯಾರೂ ಉಳಿಯಲಿಲ್ಲ. ದಾದಿಯ ಈ ದ್ರೋಹವನ್ನು ನಾನು ಸಣ್ಣದೆನ್ನುವುದಿಲ್ಲ. ಆದರೆ ಅವಳು ಅನ್ನಕ್ಕಾಗಿ ಆ ಮನೆಯನ್ನು ನಂಬಿದವಳು. ನಿಜ ಹೇಳಿದ್ದರೆ ಮೊದಲು ಬೀದಿಗೆ ಬೀಳುತ್ತಿದ್ದವಳೂ ಅವಳೇ. ಬ್ರೂಕ್ ಅವಳನ್ನು ಗಡೀಪಾರು ಮಾಡಿದ. ಪ್ರಭುವಿನ ವಿಚಾರಣೆಯಲ್ಲಿ ನಾನು ಕೂತಿದ್ದರೆ ಅವಳನ್ನು ಕ್ಷಮೆಯ ಪಾಲಿಗೆ ಹಾಕಿ, ಹೆಂಡತಿಯ ಮಾತು, ದಾದಿಯ ಮಾತು, ಮಗಳ ಮಾತು ಮೂರನ್ನೂ ಕೇಳದೆ ಹೋದ ಮನೆಯ ಯಜಮಾನನನ್ನು ಶಿಕ್ಷೆಯ ಪಾಲಿಗೆ ಹಾಕುತ್ತಿದ್ದೆ. ಲಾರೆನ್ಸನನ್ನು ಅವನ ಪಕ್ಕದಲ್ಲಿ ನಿಲ್ಲಿಸಲು ಈಗ ನನ್ನ ಅಭ್ಯಂತರವಿಲ್ಲ.